ರುಚಿ ನೋಡಿದವರ ಸಹಿ

ಆಸ್ಪತ್ರೆಯ ಅಡುಗೆಮನೆ
ರಂಜಾನ್ ತಿಂಗಳ ಇಪ್ಪತ್ತನೇ ದಿನ, ಬೆಳಿಗ್ಗೆ ಆರು ಗಂಟೆ

ಮುದ್ದು ಪುಟ್ಟಿ,

‘ನಾನು ಇಲ್ಲಿ ಆರಾಮಾಗಿದ್ದೇನೆ’ ಅಂತ ಬರೆದು ಹೊಡೆದುಹಾಕಿದ್ದೇನೆ, ನೋಡಿದೆಯಲ್ಲ? ಹೊಸ ಹಾಳೆ ತೆಗೆದುಕೊಳ್ಳೋಣ ಅನ್ನಿಸಿತು. ಬೇಡ, ಇರಲಿ. ಮುಚ್ಚಿಟ್ಟದ್ದು ಸಾಕಾಗಿದೆ. ಫೋನಿನಲ್ಲಿ ಹೇಳಿದರೆ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ಅದೇ ನೆಪ ಮಾಡಿಕೊಂಡು ಅರ್ಧ ನುಂಗಿಬಿಡುತ್ತೇನೆ. ಅದಕ್ಕೇ ಈ ಪತ್ರ.

ಒಂಬತ್ತಕ್ಕೆ ಮೇಲ್ವಿಚಾರಕರು ವಿಚಾರಣೆಗೆ ಬರುತ್ತಾರೆ. ನಾನು ಬಾಯಿ ಬಿಟ್ಟರೆ ನನ್ನ ಕೆಲಸ ಹೋಗುತ್ತದೆ, ಇದೇ ಆಸ್ಪತ್ರೆಗೆ ನರ್ಸ್ ಆಗಿ ಬರಲು ನೀನು ಹಾಕಿರುವ ಅರ್ಜಿಯೂ ಹೋಗುತ್ತದೆ. ‘ತಾಯಿ ಇಲ್ಲಿಯೇ ಕೆಲಸದಲ್ಲಿದ್ದಾರೆ’ ಅಂತ ಅದರಲ್ಲಿ ಬರೆಸಿದವಳು ನಾನೇ ತಾನೆ. ಬಾಯಿ ಮುಚ್ಚಿಕೊಂಡರೆ ಹೋಗುವುದು ಹದದಣ್ಣನ ಕೆಲಸ. ಹದದಣ್ಣ ಅಂದರೆ ನಮ್ಮ ಮುಖ್ಯ ಅಡುಗೆಯವರು. ಮಾತು ಮಾತಿಗೂ ‘ಹದ ನೋಡಮ್ಮ ತಂಗಿ, ಹದ’ ಅನ್ನುತ್ತಾರೆ ಅಂತ ನಾನೇ ಇಟ್ಟ ಹೆಸರು.

ಈ ತಿಂಗಳು ಅಡುಗೆಮನೆಯ ಹನ್ನೆರಡು ಜನರಲ್ಲಿ ಹನ್ನೊಂದು ಜನಕ್ಕೆ ರೋಜಾ, ಹಗಲಿಡೀ ಉಪವಾಸ. ಉಳಿದವಳು ನಾನೊಬ್ಬಳು. ಹಾಗಾಗಿ ಉಪ್ಪು ನೋಡುವ ಕೆಲಸ ನನ್ನದು. ನಾಲಿಗೆ ತುದಿಗೆ ಮುಟ್ಟಿಸಿ ಉಗುಳಿದರೆ ತಪ್ಪಿಲ್ಲ ಅನ್ನುವವರೂ ಇದ್ದಾರೆ, ಆದರೆ ಹದದಣ್ಣ ಅದಕ್ಕೂ ಒಪ್ಪುವುದಿಲ್ಲ. ಮೊಳೆಗೆ ಒಂದು ಚಮಚ ನೇತುಹಾಕಿದೆ, ಅದರ ಕೆಳಗೆ ಒಂದು ಪುಸ್ತಕ. ಪ್ರತಿ ಪಾತ್ರೆಯ ರುಚಿ ನೋಡಿ ‘ರುಚಿ ನೋಡಿದವರು’ ಅನ್ನುವ ಕಡೆ ನಾನು ಸಹಿ ಹಾಕಬೇಕು. ಸಂಜೆ ಮೂರು ಪಾತ್ರೆ ಗಂಜಿ. ಎರಡಕ್ಕೆ ಉಪ್ಪು. ಹಿಡಿಗೆ ಕೆಂಪು ಬಟ್ಟೆ ಕಟ್ಟಿದ ಮೂರನೆಯದಕ್ಕೆ ಒಂದು ಹರಳೂ ಇಲ್ಲ, ಅದು ಹೃದಯದ ವಾರ್ಡಿಗೆ. ನೀನು ನರ್ಸು, ಆ ರೋಗಿಗಳಿಗೆ ಉಪ್ಪು ಏನು ಮಾಡುತ್ತದೆ ಅಂತ ನಿನಗೆ ಬಿಡಿಸಿ ಹೇಳಬೇಕಾಗಿಲ್ಲ.

ಸಂಜೆ ಆಜಾನ್ ಆಗುತ್ತಿದ್ದಂತೆ ಎಲ್ಲರೂ ಉಗ್ರಾಣದ ಮುಂದೆ ಚಾಪೆ ಹಾಸಿ ಸಾಲಾಗಿ ಕೂರುತ್ತಾರೆ. ಸಾಲಿನ ತಲೆಗೆ ಹದದಣ್ಣ, ಖರ್ಜೂರ ಹಂಚುವವರು ಅವರೇ. ನನ್ನನ್ನೂ ಕರೆಯುತ್ತಾರೆ, ಪಾಪ, ಒಂದು ದಿನವೂ ಬಿಟ್ಟವರಲ್ಲ. ಆದರೆ ನೋಡು, ಆ ಮೊದಲ ಗುಟುಕು ನೀರು ಕುಡಿದಾಗ ಅವರ ಮುಖ ಹೇಗಾಗುತ್ತದೆ ಗೊತ್ತಾ! ನಾನೋ ಮಧ್ಯಾಹ್ನ ಉಂಡು, ನಾಲ್ಕಕ್ಕೆ ಚಹಾ ಕುಡಿದು, ತೇಗುತ್ತಾ ಪಕ್ಕದಲ್ಲಿ ಕೂತವಳು. ಊಟಕ್ಕೆ ಕರೆಸಿಕೊಂಡು ಊಟದ ಹೊರಗೆ ಉಳಿದಂತೆ ಅನ್ನಿಸುತ್ತಿತ್ತು. ಒಂದು ದಿನವಾದರೂ ನಿಜವಾದ ಹಸಿವಿನಲ್ಲಿ ಆ ಸಾಲಿನಲ್ಲಿ ಕೂರಬೇಕು ಅನ್ನೋ ಆಸೆ ಬಂತು. ನಾಲ್ಕು ವರ್ಷದಿಂದ ನಿಮ್ಮನ್ನೆಲ್ಲ ಬಿಟ್ಟು ಒಬ್ಬಳೇ ಇದ್ದೇನೆ ಕಣೇ. ಸಾಲು ಕಂಡರೆ ಸೇರಿಕೊಳ್ಳೋಣ ಅನ್ನಿಸುತ್ತದೆ.

ಯಾರಿಗೂ ಹೇಳದೆ ಮೊನ್ನೆ ನಾನೂ ರೋಜಾ ಹಿಡಿದೆ. ಹೇಳಿದ್ದರೆ ಉಪ್ಪು ನೋಡುವವರು ಯಾರು ಅಂತ ತಡೆಯುತ್ತಿದ್ದರಲ್ಲ. ಮನೆಯಲ್ಲಿ ನಾನು ಮಾಡುತ್ತಿದ್ದ ಉಪವಾಸ ನಿನಗೆ ಗೊತ್ತೇ ಇದೆ, ಅನ್ನ ಒಂದು ಬಿಟ್ಟು ಕಣ್ಣಿಗೆ ಕಂಡದ್ದೆಲ್ಲ ತಿನ್ನುವುದು. ಇದು ಹಾಗಲ್ಲ. ಒಂದು ಗುಟುಕು ನೀರೂ ಇಲ್ಲ. ಮಧ್ಯಾಹ್ನದವರೆಗೆ ಜಂಬದಲ್ಲೇ ಓಡಾಡಿದೆ. ಮೂರಕ್ಕೆ ತಲೆ ಸಿಡಿಯತೊಡಗಿತು. ಐದಕ್ಕೆ ಒಲೆಯ ಮುಂದೆ ನಿಂತರೆ ಕಣ್ಣಿಗೆ ಕತ್ತಲೆ. ಕೈ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿತ್ತು, ಬುದ್ಧಿ ಜೊತೆಗಿರಲಿಲ್ಲ. ಉಪ್ಪಿನ ಬಟ್ಟಲನ್ನು ಮೂರೂ ಪಾತ್ರೆಗೆ ಸುರಿದಿದ್ದೇನೆ ಪುಟ್ಟಿ. ಕೆಂಪು ಬಟ್ಟೆಯದಕ್ಕೂ.

ಅದು ಕೈ ತಪ್ಪು, ಹೋಗಲಿ. ಮುಂದಿನದು ಕೈ ತಪ್ಪಲ್ಲ. ರುಚಿ ನೋಡಿದರೆ ರೋಜಾ ಮುರಿಯುತ್ತದೆ. ಇಷ್ಟು ಹೊತ್ತು ಹಿಡಿದಿದ್ದೇನೆ, ಇನ್ನರ್ಧ ಗಂಟೆಗೆ ಯಾಕೆ ಬಿಡಲಿ ಅಂದುಕೊಂಡೆ. ಹದಿನೇಳು ದಿನ ಮಾಡಿದ ಗಂಜಿ ಇವತ್ತು ಕೆಡುತ್ತದಾ ಅಂದುಕೊಂಡೆ. ನೋಡದೆಯೇ ಮೂರು ಕಡೆ ಸಹಿ ಹಾಕಿದೆ.

ಪಾತ್ರೆಗಳನ್ನು ಹೊತ್ತ ಗಾಡಿ ಮೇಲಿನ ವಾರ್ಡುಗಳಿಗೆ ಹೋಯಿತು. ಹದದಣ್ಣ ಮೊಳೆಯಲ್ಲಿದ್ದ ಚಮಚ ಮುಟ್ಟಿದರು. ಒಣಗಿ ಖಟ್ ಅಂತಿತ್ತು. ರುಚಿ ನೋಡಿದೆಯಾ ತಂಗಿ ಅಂದರು. ನೋಡಿದೆ ಅಣ್ಣ ಅಂದೆ. ನನ್ನ ತುಟಿಯನ್ನೇ ನೋಡುತ್ತಾ ಇನ್ನೊಮ್ಮೆ ಕೇಳಿದರು. ನೋಡಿದೆ ಅಂದೆನಲ್ಲ ಅಣ್ಣ ಅಂತ ಸಿಡುಕಿದೆ. ಆಗಲೂ ನನ್ನ ಕೈಗೆ ಚಮಚ ಕೊಡಿ ಅನ್ನಬಹುದಿತ್ತು. ಅನ್ನಲಿಲ್ಲ. ಆಜಾನಿಗೆ ಹನ್ನೊಂದು ನಿಮಿಷ ಬಾಕಿ ಇತ್ತು.

ಅವರು ಗೋಡೆಯ ಗಡಿಯಾರ ನೋಡಿದರು. ಕೆಂಪು ಬಟ್ಟೆಯ ಪಾತ್ರೆಗೆ ಹಾಕಿದ್ದ ಸೌಟಿನಲ್ಲಿ ಉಳಿದಿದ್ದ ಗಂಜಿಯನ್ನು ಚಮಚ ತುಂಬ ತೆಗೆದು ಬಾಯಿಗಿಟ್ಟು ನುಂಗಿದರು. ನಲವತ್ತೆರಡು ವರ್ಷದಲ್ಲಿ ಒಂದು ರೋಜಾ ಬಿಡದ ಮನುಷ್ಯ, ಎಲ್ಲರ ಕಣ್ಣೆದುರಿಗೆ. ಅವರು ಆಗಲೇ ವಾರ್ಡಿಗೆ ಫೋನು ಮಾಡುತ್ತಿದ್ದರು, ಗಂಜಿ ಕೊಡಬೇಡಿ, ಕೊಡಬೇಡಿ ಅಂತ.

ಕಿಟಕಿ ಪಕ್ಕದ ಅಜ್ಜಿ ಒಂದು ಬಟ್ಟಲು ಮುಗಿಸಿಬಿಟ್ಟಿದ್ದರು. ತಿಂಗಳಿಂದ ಸಪ್ಪೆ ತಿಂದ ಜೀವ, ಇವತ್ತು ಗಂಜಿ ಎಷ್ಟು ಚೆನ್ನಾಗಿದೆ ಅಂತ ಇನ್ನೊಂದು ಬಟ್ಟಲು ಕೇಳಿದ್ದರಂತೆ. ಏಳರ ಹೊತ್ತಿಗೆ ಅವರಿಗೆ ಉಬ್ಬಸ ಬಂತು. ಸೂಜಿ ಕೊಟ್ಟರು, ಮೂಗಿಗೆ ಗಾಳಿ ಇಟ್ಟರು. ನಾನು ಬಾಗಿಲಲ್ಲೇ ನಿಂತಿದ್ದೆ. ಆ ಎದೆ ಏರಿಳಿಯುವುದನ್ನು ನೋಡುತ್ತಾ ನನಗೆ ನೀರು ಕುಡಿಯುವುದೂ ಮರೆತುಹೋಗಿತ್ತು. ಒಂಬತ್ತಕ್ಕೆ ಉಸಿರು ಹದಕ್ಕೆ ಬಂತು. ಈಗ ಚೆನ್ನಾಗಿದ್ದಾರೆ. ಇದು ಸತ್ಯ, ನಿನ್ನಾಣೆ.

ಹದದಣ್ಣ ವಾರ್ಡಿನವರಿಗೆ ಏನು ಹೇಳಿದ್ದಾರೆ ಗೊತ್ತಾ? ಗಾಡಿಗೆ ಇಡುವಾಗ ಪಾತ್ರೆ ಅದಲುಬದಲಾಯಿತು, ತಪ್ಪು ನನ್ನದು ಅಂತ. ಚಮಚ ಬಾಯಿಗಿಟ್ಟದ್ದಕ್ಕೆ ಅಡುಗೆಮನೆಯವರಿಗೆ ಏನು ಹೇಳಿದ್ದಾರೆ? ಬಾಯಾರಿಕೆ ತಡೆಯಲಾಗಲಿಲ್ಲ ಅಂತ. ರುಚಿ ನೋಡಿದೆ ಅಂದರೆ ನಾನು ನೋಡಿಲ್ಲ ಅನ್ನುವುದು ಬಯಲಾಗುತ್ತದಲ್ಲ! ನಿನ್ನೆ ಅವರು ಸಾಲಿನ ಕೊನೆಯಲ್ಲಿ ಕೂತರು. ಖರ್ಜೂರ ಬೇರೆಯವರು ಹಂಚಿದರು. ಹನ್ನೊಂದು ನಿಮಿಷ ತಡೆಯಲಾಗದವರು ಅಂತ ಪಾತ್ರೆ ತೊಳೆಯುವವನು ಕಿಸಕ್ಕನೆ ನಕ್ಕ. ಅವನ ಕೆನ್ನೆಗೆ ಬಿಗಿಯಬೇಕು ಅನ್ನಿಸಿತು. ಆಮೇಲೆ, ಬಿಗಿಯಬೇಕಾದ ಕೆನ್ನೆ ಯಾವುದು ಅಂತ ನೆನಪಾಗಿ ತಲೆ ತಗ್ಗಿಸಿಕೊಂಡೆ.

ಹಿಡಿಯಲೇಬೇಕು ಅನ್ನೋ ಕಟ್ಟುಪಾಡು ನನಗಿರಲಿಲ್ಲ, ಆದರೂ ನಾನು ಬಿಡಲಿಲ್ಲ. ಬಿಡಲೇಬಾರದ ಅವರು ಬಿಟ್ಟರು. ಎರಡು ದಿನದಿಂದ ಇದೇ ತಲೆಯಲ್ಲಿ ಕೊರೆಯುತ್ತಿದೆ.

ಏಳೂವರೆ ಆಯಿತು. ಸುಮ್ಮನಿದ್ದರೆ ಮುಂದಿನ ತಿಂಗಳು ನೀನು ಇಲ್ಲಿರುತ್ತೀಯ. ಒಂದೇ ಕೋಣೆಯಲ್ಲಿ ಇಬ್ಬರೂ ಮಲಗಬಹುದು, ನಿನ್ನ ತಲೆಗೆ ಎಣ್ಣೆ ಹಚ್ಚಬಹುದು. ನಿನಗೆ ಅಂತ ಪರದೆಯ ಬಟ್ಟೆಯನ್ನೂ ತಂದಿಟ್ಟಿದ್ದೇನೆ, ದಡ್ಡಿ ನಾನು. ಆದರೆ ನೀನು ಕೆಲಸ ಮಾಡುವುದು ಆ ಅಜ್ಜಿ ಇರುವ ಮಹಡಿಯಲ್ಲೇ. ಕೆಳಗಿನಿಂದ ಬರುವ ಪಾತ್ರೆಯನ್ನು ನನ್ನ ಸಹಿ ನಂಬಿ ನೀನು ಬಡಿಸಬೇಕು.

ಹೋಗಿ ಹೇಳುತ್ತೇನೆ. ಕೋಪ ಬಂದರೆ ಬರಲಿ, ಬೈಯಬೇಕು ಅನ್ನಿಸಿದಷ್ಟೂ ಬೈಯಿ. ಮಾತು ಮಾತ್ರ ಬಿಡಬೇಡವೇ.

ನಿನ್ನ ಅಮ್ಮ

ರಾತ್ರಿ ಸೇರಿಸಿದ್ದು: ಪತ್ರವನ್ನು ಡಬ್ಬಿಗೆ ಹಾಕದೆ ಸಂಜೆವರೆಗೆ ಇಟ್ಟುಕೊಂಡಿದ್ದೆ, ಆದದ್ದನ್ನೂ ಬರೆಯೋಣ ಅಂತ. ಮೇಲ್ವಿಚಾರಕರ ಮುಂದೆ, ಅಡುಗೆಮನೆಯ ಎಲ್ಲರ ಮುಂದೆ ಹೇಳಿದೆ. ನಿನ್ನ ಅರ್ಜಿ ವಾಪಸ್ಸು ಬರುತ್ತದೆ, ಕ್ಷಮಿಸು. ಹದದಣ್ಣನ ಕೆಲಸ ಉಳಿಯಿತು, ನನ್ನದು ಈ ತಿಂಗಳ ಕೊನೆಗೆ ಮುಗಿಯುತ್ತದೆ. ಇವತ್ತೇ ನನ್ನನ್ನು ಕಳಿಸೋಣ ಅಂದರೆ ಉಪ್ಪು ನೋಡಲು ಬೇರೆ ಯಾರಿದ್ದಾರೆ ಹೇಳು! ಹದದಣ್ಣನ ಕಾಲು ಹಿಡಿಯಲು ಹೋದರೆ ಗದರಿದರು. ನನ್ನ ರೋಜಾ ಇನ್ನೊಂದು ದಿನ ಹಿಡಿದು ತೀರಿಸಿಕೊಳ್ತೀನಿ, ನಿನ್ನ ಸಹಿ ನೀನು ಯಾವಾಗ ತೀರಿಸ್ತೀಯ ಅಂತ ಕಾಯ್ತಿದ್ದೆ ಅಂದರು. ಸಂಜೆ ಸಾಲಿನ ತಲೆಗೆ ಕೂತು ನನ್ನನ್ನು ಪಕ್ಕಕ್ಕೆ ಕರೆದರು. ಮಧ್ಯಾಹ್ನ ಹೊಟ್ಟೆ ತುಂಬ ಉಂಡಿದ್ದೇನೆ ಅಣ್ಣ ಅಂದೆ. ಕೇಳಿದ್ದು ಅದನ್ನಲ್ಲ ಅಂತ ಮೊದಲ ಖರ್ಜೂರ ನನ್ನ ಕೈಗೇ ಇಟ್ಟರು. ಅದಕ್ಕೂ ಮುಂಚೆ, ಗಾಡಿ ಹೊರಡುವಾಗ, ಮೂರೂ ಪಾತ್ರೆಯ ರುಚಿ ನೋಡಿ ಸಹಿ ಹಾಕಿದೆ. ಕೆಂಪು ಬಟ್ಟೆಯದು ಸಪ್ಪೆಯಾಗಿತ್ತು. ಮೊಳೆಗೆ ಹಾಕಿದ ಚಮಚವನ್ನು ಅವರು ಇವತ್ತೂ ಮುಟ್ಟಿ ನೋಡಿದರು. ಒದ್ದೆ ಇತ್ತು.