ಮೂರು ಸಲ ತಟ್ಟಿದ ಬಾಗಿಲು

೯ ಮಾರ್ಚ್, ಗುರುವಾರ
ಊಟದ ಬಿಡುವಿನಲ್ಲಿ

ಪ್ರೀತಿಯ ಅಕ್ಕನಿಗೆ,

ನಿನ್ನ ಎರಡು ಪತ್ರಗಳೂ ಬಂದಿವೆ. ತಡವಾಯಿತು, ಬೈಯಬೇಡ. ಬರೆಯಲು ಕೂರುತ್ತೇನೆ, ಎದ್ದು ಕಿಟಕಿಯವರೆಗೆ ಹೋಗುತ್ತೇನೆ, ಮತ್ತೆ ಬಂದು ಕೂರುತ್ತೇನೆ. ಮೊಣಕಾಲು ನೋವು ಹೇಗಿದೆ? ನಡೆದರೆ ಸರಿಹೋಗುತ್ತದೆ ಎಂದು ಭಾವ ಇನ್ನೂ ಕುರ್ಚಿಯಲ್ಲಿ ಕೂತೇ ಉಪದೇಶ ಮಾಡುತ್ತಾರಾ?

ನನ್ನನ್ನು ನಗರಸಭೆಯ ಮನೆ ಸಮೀಕ್ಷೆಯಿಂದ ಮನೆಯಿಲ್ಲದವರ ವಸತಿ ಕೇಂದ್ರಕ್ಕೆ ವರ್ಗ ಮಾಡಿದ್ದಾರೆ. ಬಂದವರ ವಿವರ ಬರೆದುಕೊಳ್ಳುವ ಕೆಲಸ. ಇಂಥವರೆಲ್ಲ ಕುಡುಕರು, ಸೋಮಾರಿಗಳು ಎಂದು ನಾವು ಮಾತಾಡಿಕೊಳ್ಳುತ್ತಿದ್ದೆವಲ್ಲ. ಮೊದಲ ವಾರ ಬಂದ ಮೂವತ್ತೊಂದು ಮಂದಿಯಲ್ಲಿ ಹತ್ತೊಂಬತ್ತು ಮಂದಿ ದಿನವೂ ಕೆಲಸಕ್ಕೆ ಹೋಗುವವರು. ಒಬ್ಬಳನ್ನು ಗಂಡ ಹೊರಹಾಕಿದ್ದ. ಒಬ್ಬ ಆಸ್ಪತ್ರೆಯಿಂದ ಬರುವಷ್ಟರಲ್ಲಿ ಕೋಣೆಗೆ ಬೇರೆ ಬೀಗ ಬಿದ್ದಿತ್ತು.

ಹಳೇ ಓಣಿಯ ಟೈಲರ್ ಒಬ್ಬರು ಮಾತ್ರ ಒಳಗೆ ಬರುವುದಿಲ್ಲ. ಹೊಲಿಗೆ ಮೆಷಿನ್ ಒಳಗೆ ತರುವಂತಿಲ್ಲ. ಎರಡು ವಾರದಿಂದ ಗೇಟಿನ ಪಕ್ಕದಲ್ಲೇ ಹೊಲಿಯುತ್ತಾರೆ, ಮೆಷಿನ್ನಿಗೇ ಒರಗಿಕೊಂಡು ಮಲಗುತ್ತಾರೆ.

"ನನಗೆ ಹಾಸಿಗೆ ಕೊಡ್ತೀರಿ. ಇದಕ್ಕೆ?" ಅಂದರು ನಿನ್ನೆ.

"ರೂಲ್ಸ್ ಇಲ್ಲ, ಯಜಮಾನ್ರೇ."

"ನಿಮ್ಮ ರೂಲ್ಸ್ ತುಂಬಾ ಬಿಗಿ ಆಯ್ತು ತಾಯಿ. ಕೊಡಿ ಇಲ್ಲಿ, ಒಂದಿಂಚು ಬಿಚ್ಚಿ ಸಡಿಲ ಮಾಡ್ಕೊಡ್ತೀನಿ."

ರಸ್ತೆ ಅಗಲಿಸಲು ಅವರ ಓಣಿಯನ್ನು ಕೆಡವಿದರು. ವಾಸವಿದ್ದವರಿಗೆಲ್ಲ ಬದಲಿ ಮನೆ ಸಿಕ್ಕಿತು. ಸಮೀಕ್ಷೆಯ ಪಟ್ಟಿಯಲ್ಲಿ ಇವರ ಬಾಗಿಲಿನ ಸಂಖ್ಯೆಯ ಮುಂದೆ 'ವಾಸವಿಲ್ಲ' ಎಂದಿದೆ. ಮೂರು ಸಲ ತಟ್ಟಿದರೂ ಯಾರೂ ತೆರೆಯದಿದ್ದರೆ ಹಾಗೆ ಬರೆಯಬೇಕು. ಬರೆದವಳು ನಾನು. ಅವರಿಗೆ ಗೊತ್ತಿಲ್ಲ. ತಿದ್ದುಪಡಿಗೆ ಸೋಮವಾರ ಕೊನೆಯ ದಿನ. ಸಮೀಕ್ಷೆ ಮಾಡಿದವರೇ ತಪ್ಪೊಪ್ಪಿ ಬರೆದುಕೊಟ್ಟರೆ ಮಾತ್ರ ಟೈಲರ್‌ಗೆ ಮನೆ.

ಮೇಲಧಿಕಾರಿಯನ್ನು ಕೇಳಿದೆ. "ಸುಮ್ನಿರಮ್ಮ. ರೂಲ್ಸ್ ಪ್ರಕಾರ ತಟ್ಟಿದ್ದೀಯ. ಒಂದು ತಪ್ಪು ಒಪ್ಕೊಂಡ್ರೆ ಇಡೀ ಪಟ್ಟಿ ಕೆದಕ್ತಾರೆ, ನಿನ್ನ ಕೆಲಸಕ್ಕೇ ಕುತ್ತು" ಎಂದರು. ಕೆದಕಲಿ ಎನ್ನಿಸುತ್ತದೆ, ಮರುಗಳಿಗೆಯೇ ಹೆದರಿಕೆಯಾಗುತ್ತದೆ. ಕೇಂದ್ರಕ್ಕೆ ಇನ್ನೂ ಇಪ್ಪತ್ತು ಮಂಚ ತರಿಸುತ್ತಿದ್ದಾರೆ. ಆ ಮನುಷ್ಯನಿಗೆ ಬೇಕಿರುವುದು ಮಂಚವಲ್ಲ, ಮೆಷಿನ್ ಇಟ್ಟು ಬೀಗ ಹಾಕಿಕೊಳ್ಳಲು ಒಂದು ಬಾಗಿಲು.

ಭಾವನಿಗೆ ನಮಸ್ಕಾರ. ಮಕ್ಕಳಿಬ್ಬರೂ ಸುಖವಾಗಿರಲಿ, ನಿನ್ನ ಕಾಲಿಗೆ ಬೇಗ ಬಲ ಬರಲಿ.

ಇಂತಿ ನಿನ್ನ
ತಂಗಿ

ತಾ.ಕ.: ಮೇಲಧಿಕಾರಿಗೂ ಹೇಳದ್ದು ಒಂದಿದೆ. ಆ ದಿನ ನಾನು ತಟ್ಟುವಾಗ ಒಳಗೆ ಮೆಷಿನ್ ಓಡುತ್ತಿತ್ತು. ಆ ಸದ್ದಿನಲ್ಲಿ ಅವರಿಗೆ ನಾನು ಕೇಳಿಸಲಿಲ್ಲ. ನನಗೆ ಮೆಷಿನ್ ಕೇಳಿಸಿತ್ತು. ಇನ್ನೂ ನಲವತ್ತು ಬಾಗಿಲು ಬಾಕಿಯಿದ್ದವು, ಮೂರು ಎಣಿಸಿ ಮುಂದೆ ಹೋದೆ. ಇದನ್ನೂ ಸೇರಿಸಿ ತಪ್ಪೊಪ್ಪಿಗೆ ಬರೆದಿಟ್ಟಿದ್ದೇನೆ, ಇವತ್ತೇ ಕೊಡುತ್ತೇನೆ. ಅದಕ್ಕೆ ಮೊದಲು ಗೇಟಿಗೆ ಹೋಗಿ ಅವರಿಗೆ ಹೇಳಬೇಕು. ಎದ್ದು ಕಿಟಕಿಯವರೆಗಷ್ಟೇ ಹೋಗಿ ಬಂದೆ. ಕಿಟಕಿ ಮುಚ್ಚಿದರೂ ಮೆಷಿನ್ ಕೇಳಿಸುತ್ತಿದೆ ಅಕ್ಕ.