ಹಳದಿ ಲಂಗದ ಗೊಂಬೆ

ಬೈಲಹೊಂಗಲ
೧೬ ನವೆಂಬರ್ ೨೦೨೫, ಭಾನುವಾರ

ಪ್ರೀತಿಯ ಉಮಾ,

ಅತ್ತೆಯ ತುಂಬು ಮನಸ್ಸಿನ ಆಶೀರ್ವಾದ. ಹೇಗಿದ್ದೀ? ವಾರ್ಡಿನಲ್ಲಿ ನಿಂತು ನಿಂತು ಹಿಮ್ಮಡಿ ನೋಯುತ್ತದೆ ಎಂದಿದ್ದೆಯಲ್ಲ, ಕಡಿಮೆಯಾಯಿತೋ ಇಲ್ಲವೋ? ಊರವರ ಬಿ.ಪಿ. ನೋಡುವುದರಲ್ಲಿ ನಿನ್ನದನ್ನು ಮರೆಯಬೇಡ. ಪಾಳಿ ಮುಗಿಸಿ ಬಂದು ಬರೀ ಚಹಾ ಕುಡಿದು ಮಲಗಿಬಿಡುತ್ತೀ ಎಂದು ಫಿರದೋಸ್ ಚಾಡಿ ಹೇಳಿದ್ದಾಳೆ. ರಾಮದುರ್ಗದ ಆ ಹುಡುಗಿ ಮಸ್ಕತ್ತಿನಲ್ಲಿ ನಿನ್ನ ಆಸ್ಪತ್ರೆಯಲ್ಲೇ ನರ್ಸಾಗಿ ಸಿಕ್ಕಿದ್ದು ನಮ್ಮ ಪುಣ್ಯ, ಇಲ್ಲದಿದ್ದರೆ ನಿನ್ನ ಸುದ್ದಿ ನನಗೆ ಯಾರು ಹೇಳಬೇಕು? ರಜೆ ಮುಗಿಸಿ ಬುಧವಾರ ಹೊರಡುವವಳ ಕೈಯಲ್ಲಿ ಖಡಕ್ ರೊಟ್ಟಿ, ಅದಕ್ಕೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಕಳಿಸುತ್ತಿದ್ದೇನೆ. ರೊಟ್ಟಿ ಮುರಿದಿದ್ದರೆ ವಿಮಾನದವರನ್ನು ಬೈಯಿ, ನನ್ನನ್ನಲ್ಲ. ಇಲ್ಲಿ ಬಸು ಆರಾಮ ಇದ್ದಾನೆ. ನಿನ್ನ ಗಂಡ ಅಂಗಡಿ ಬಾಗಿಲು ಹಾಕಿ ಹೊತ್ತಿಗೆ ಸರಿಯಾಗಿ ಊಟಕ್ಕೆ ಬರುವುದನ್ನು ಈಗ ಕಲಿತಿದ್ದಾನೆ, ನೀನಿದ್ದಾಗ ಕಲಿಯಲಿಲ್ಲ. ನಿನ್ನ ಮಗಳು ಗಂಗಾಳ ಫ್ರಾಕುಗಳೆಲ್ಲ ಗಿಡ್ಡವಾಗಿವೆ.

ದಿನಾ ಫೋನಿನಲ್ಲಿ ಮಾತಾಡುವ ಮುದುಕಿಗೆ ಪತ್ರ ಬರೆಯುವ ಹುಚ್ಚು ಯಾಕೆ ಬಂತು ಎಂದು ನಿನಗೆ ಅನ್ನಿಸೀತು. ಫೋನಿನಲ್ಲಿ ನಿನ್ನ ಮುಖ ಕಾಣಿಸುತ್ತದೆ, ಅದಕ್ಕೇ. ಆ ಮುಖ ನೋಡುತ್ತ ಇದನ್ನು ಹೇಳುವ ಧೈರ್ಯ ನನಗಾಗಲಿಲ್ಲ. ನಾಲ್ಕು ಸಲ ಬಾಯಿ ತೆರೆದು, ಸಾರಿಗೆ ಎಷ್ಟು ಹುಣಸೆ ಹಾಕಿದೆ ಎಂದು ಕೇಳಿ ಸುಮ್ಮನಾಗಿದ್ದೇನೆ.

ವಿಷಯ ಟೀವಿಗೆ ಹಚ್ಚಿ ಆಡುವ ಆ ಗೇಮಿನ ಡಬ್ಬಿಯದು. ದಸರೆಗೆ ಮುಂಚೆ ಫಿರದೋಸ್ ಅದನ್ನು ತಂದುಕೊಟ್ಟಾಗ ನೀನು ಫೋನಿನಲ್ಲಿ ಎಷ್ಟು ಸಡಗರಪಟ್ಟಿದ್ದೆ! ನಿನ್ನ ಹತ್ತಿರವೂ ಅಂಥದೇ ಒಂದು ಡಬ್ಬಿ, ಇಲ್ಲಿಯೂ ಒಂದು; ಶುಕ್ರವಾರ ನಿನಗೆ ರಜೆ, ಸಂಜೆ ನಾಲ್ಕಕ್ಕೆ ನೀನು ಅಲ್ಲಿಂದ, ಗಂಗಾ ಇಲ್ಲಿಂದ, ಒಂದೇ ಆಟದೊಳಗೆ ಇಳಿದು ಆಡುವುದು. ಇಬ್ಬರ ಕಡೆಯೂ ಅದೇ ಆಟ ಇರಬೇಕು, ಯಾವುದು ಬೇಕೋ ಗಂಗಾನೇ ಆರಿಸಲಿ ಎಂದಿದ್ದೆ. ಆ ಮಾತು ನನಗೆ ಸ್ಪಷ್ಟವಾಗಿ ಕೇಳಿಸಿತ್ತು ಉಮಾ. ಕಿವಿ ಕೇಳಲಿಲ್ಲ ಎಂದು ಸುಳ್ಳು ಹೇಳಲಾರೆ.

ಆದರೂ ಬಸು ಟೀವಿಯ ಮೇಲೆ ಆಟಗಳ ಚಿತ್ರ ತೆಗೆದು ಕೂತಾಗ ನಾನು ಚಷ್ಮಾ ಹಾಕಿಕೊಂಡು ಮುಂದೆ ಹೋಗಿ ಕೂತೆ. ಸೀರೆ ಅಂಗಡಿಯಲ್ಲಿ ಕೂತಂತೆ ಕೂತು ಇದು ಬೇಡ, ಅದು ತೆಗಿ, ಮುಂದಿನದು ತೋರಿಸು ಅಂದದ್ದೇ ಅಂದದ್ದು. ಬಂದೂಕಿನ ಆಟ ಬೇಡ ಎಂದೆ. ದೆವ್ವದ್ದು ಬೇಡ, ಮಗು ಹಾಸಿಗೆಯಲ್ಲಿ ಚೀರುತ್ತದೆ. ಮೀನು ಕೊಯ್ದು ಹುರಿಯುವುದು ನಮ್ಮ ಮನೆಯಲ್ಲಿ ಹೇಗೆ ನಡೆಯಬೇಕು? ಕಾರಿನ ಆಟದಲ್ಲಿ ಒಬ್ಬ ಸಿಗ್ನಲ್ಲು ನೋಡದೆ ಹಣ್ಣಿನ ಅಂಗಡಿಯ ಮೇಲೆ ಹಾಯಿಸಿದ, ಅದೂ ಬೇಡ. ಅಲ್ಲಿಯತನಕ ಸುಮ್ಮನೆ ಕೂತಿದ್ದ ಗಂಗಾ ಎದ್ದು ಹೋಗಿ ಟೀವಿಯ ಮೇಲೆ ಒಂದು ಚಿತ್ರಕ್ಕೆ ಬೆರಳಿಟ್ಟಳು. ಇಬ್ಬರು ಹೆಣ್ಣುಮಕ್ಕಳು ಕೈಗೆ ದಪ್ಪ ಗವಸು ಹಾಕಿಕೊಂಡು ಗುದ್ದಾಡುವ ಆಟ. "ಯಾರಿಗಿ ಗುದ್ದತಿ?" ಎಂದು ನಗುತ್ತಲೇ ಕೇಳಿದೆ. "ಅವ್ವಗ" ಎಂದಳು. "ಹಡದ ಅವ್ವಗ ಕೈ ಎತ್ತತಿಯೇನ?" ಎಂದು ಬೈದು ಅವಳ ಬೆರಳು ಸರಿಸಿದೆ. ಕಡೆಗೆ ನಾನೇ ಆರಿಸಿದ್ದು ಆ ತೋಟದ ಆಟ: ಬಾವಿ, ಕೋಳಿ, ಗಿಡ, ಇಬ್ಬರೂ ಸೇರಿ ನೀರು ಹಾಕುವುದು. ತಾಯಿ ಮಗಳು ಆಡಲು ಇದಕ್ಕಿಂತ ಚೆಂದದ್ದು ಯಾವುದು ಎಂದು ನನಗೇ ಹೆಮ್ಮೆ. "ಅವ್ವಾ, ಆಡಾಕಿ ಅಕಿ, ನೀ ಅಲ್ಲ" ಎಂದು ಬಸು ಹೇಳಿದ. ನನ್ನ ಸ್ವಭಾವ ನಿನಗೆ ಗೊತ್ತೇ ಇದೆ, ಕೇಳಲಿಲ್ಲ.

ಮೊದಲ ಶುಕ್ರವಾರ ಗಂಗಾ ಕೂತಳು. ಆಟದೊಳಗೆ ಅವಳದು ಹಳದಿ ಲಂಗದ ಗೊಂಬೆ, ನಿನ್ನದು ನೀಲಿ ಓಢಣಿಯ ಗೊಂಬೆ. ನೀನು ಬಾವಿಯ ಹತ್ತಿರ ಹೂ ಹಿಡಿದು ನಿಂತಿದ್ದೆ. ಅವಳು ತನ್ನ ಗೊಂಬೆಯನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ, ಕಂಟ್ರೋಲರ್ ಕೆಳಗಿಟ್ಟು, ಸೈಕಲ್ ತೆಗೆದುಕೊಂಡು ಹೊರಗೆ ಹೋದಳು. ಕರೆದೆ, ಬರಲಿಲ್ಲ. ನೀನು ಹೂ ಹಿಡಿದು ನಿಂತೇ ಇದ್ದೆ. ರಾತ್ರಿಪಾಳಿಯ ಗೆಳತಿ ಅದೇ ಕೋಣೆಯಲ್ಲಿ ಮಲಗಿರುತ್ತಾಳೆ, ಆಟದಲ್ಲಿ ಮಾತು ಬೇಡ, ಬರೀ ಕೈ ಬೀಸೋಣ ಎಂದು ನೀನೇ ಹೇಳಿದ್ದೆಯಲ್ಲ. ಒಂದು ಸಲ ಕೈ ಬೀಸಿ ಬಂದ್ ಮಾಡಿದರಾಯಿತು ಎಂದು ನಾನು ಕಂಟ್ರೋಲರ್ ಎತ್ತಿಕೊಂಡೆ. ಕೈ ಬೀಸುವ ಗುಂಡಿ ಸಿಗದೆ ನೆಟ್ಟಗೆ ಕೆರೆಯಲ್ಲಿ ಬಿದ್ದೆ. ನೀನು ಓಡಿ ಬಂದು ಎತ್ತಿದೆ, ತಲೆಯ ಮೇಲೆ ಒಂದು ಕೆಂಪು ಹೃದಯ ಹಾರಿಸಿದೆ. ಆಮೇಲೆ ಬಂದ್ ಮಾಡಲು ನನ್ನ ಕೈ ಬರಲಿಲ್ಲ.

ಹೌದು ಉಮಾ. ಅಂದಿನಿಂದ ಪ್ರತಿ ಶುಕ್ರವಾರ ನಿನ್ನ ಜೊತೆ ಆಡಿದವಳು ನಾನು. ಬದನೆ ಸಸಿ ನೆಟ್ಟವಳು ನಾನು, ಕೋಳಿಗೆ ಕಾಳು ಹಾಕದೆ ಉಪವಾಸ ಕೆಡವಿದವಳೂ ನಾನು. ನೀನು ತಲೆಯಲ್ಲಿ ಹೂ ಮುಡಿಸಿದ್ದು ಈ ಅರವತ್ತಾರರ ಮುದುಕಿಗೆ. ಹತ್ತು ವರ್ಷ ನನ್ನ ಅಡಿಗೆಮನೆಯಲ್ಲಿ ನೀನು ಹಾಕಿದ ಉಪ್ಪನ್ನು ಇನ್ನೊಮ್ಮೆ ನೋಡದೆ ಬಿಟ್ಟವಳಲ್ಲ ನಾನು. ಅಲ್ಲಿ ನೀನು ಕೈಸನ್ನೆಯಲ್ಲಿ ನೀರು ತಾ ಎಂದರೆ ತಂದೆ, ಬೇಲಿ ಕಟ್ಟು ಎಂದರೆ ಕಟ್ಟಿದೆ. ಇಷ್ಟು ಮಾತ್ರ ಕೇಳಿ ಸಿಟ್ಟು ಮಾಡಿಕೊಳ್ಳಬೇಡ, ನನಗೆ ಅದು ಸೇರಿತು. ಶುಕ್ರವಾರ ಬಂತೆಂದರೆ ಬೇಗ ಊಟ ಮುಗಿಸಿ ಕೂಡುತ್ತಿದ್ದೆ. ನೀನು ಮಗಳಿಗೆಂದು ಕೊಟ್ಟದ್ದನ್ನು ಕದ್ದು ತಿಂದಂತಾಯಿತು.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. "ನಿನ್ನೆ ಕೆರೆಯಲ್ಲಿ ಮತ್ತೆ ಬಿದ್ದೆಯಲ್ಲೇ, ಪುಟ್ಟಾ" ಎಂದು ಫೋನಿನಲ್ಲಿ ನೀನು ನಕ್ಕಾಗ ಗಂಗಾ ನನ್ನ ಮುಖ ನೋಡುತ್ತಿದ್ದಳು. ನಾನು ಹೂಂ ಅನ್ನು ಎಂದು ಸನ್ನೆ ಮಾಡುತ್ತಿದ್ದೆ. ಮುರಗೋಡದ ಸಾಲೆಯಲ್ಲಿ ಇಡೀ ನೌಕರಿ ಮಕ್ಕಳಿಗೆ ಸುಳ್ಳು ಹೇಳಬಾರದೆಂದು ಕಲಿಸಿದವಳು ಮೊಮ್ಮಗಳಿಗೆ ಸುಳ್ಳು ಕಲಿಸಿದೆ. ಪ್ರತಿ ಶುಕ್ರವಾರ ಸಂಜೆ ಸೈಕಲ್ ನಿಲ್ಲಿಸಿ ಒಳಗೆ ಬಂದವಳೇ "ಅವ್ವಗ ಗೊತ್ತಾತೇನ, ಆಯಿ?" ಎಂದು ಕೇಳುತ್ತಿದ್ದಳು. ಸಿಕ್ಕಿಬೀಳುವ ಹೆದರಿಕೆ ಪಾಪ, ಎಂದುಕೊಂಡು ನಾನು "ಇಲ್ಲವಾ, ಒಂದೀಟೂ ಗೊತ್ತಾಗಿಲ್ಲ" ಎಂದು ಜಂಬದಿಂದ ಹೇಳುತ್ತಿದ್ದೆ. ಮೊನ್ನೆಯೂ ಹಾಗೇ ಹೇಳಿದೆ. ಅವಳು ಚಪ್ಪಲಿ ಬಿಡುತ್ತ, ನನ್ನ ಕಡೆ ನೋಡದೆ, "ಅವ್ವಗ ನನ್ನ ಗುರ್ತ ಮರ್ತೈತಿ. ನೀ ಆಡಿದ್ರೂ ಅಕಿಗೆ ನಡಿತೈತಿ" ಎಂದಳು.

ಅವಳು ಕೇಳುತ್ತಿದ್ದದ್ದು ಹೆದರಿ ಅಲ್ಲ ಉಮಾ. ಇದು ನನ್ನ ಗಂಗಾ ಅಲ್ಲ ಎಂದು ನೀನು ಒಂದು ವಾರವಾದರೂ ಹಿಡಿಯುತ್ತೀ ಎಂದು ಕಾಯುತ್ತಿದ್ದಳು. ನೀನು ಹೇಗೆ ಹಿಡಿಯಬೇಕು? ಮಾತಿಲ್ಲ, ಮುಖವಿಲ್ಲ, ಒಂದು ಲಂಗದ ಗೊಂಬೆ. ನಿನ್ನದು ಎಳ್ಳಷ್ಟೂ ತಪ್ಪಲ್ಲ. ಅವಳಿಗೆ ನಿನ್ನ ಮೇಲೆ ಸಿಟ್ಟಿತ್ತು. ಬಿಟ್ಟುಹೋದಳು ಎಂಬ ಸಿಟ್ಟು. ಅದನ್ನು ನಿನ್ನ ಮೇಲೇ ತೀರಿಸಿಕೊಳ್ಳಲು ಮಗು ತಾನಾಗಿ ಒಂದು ದಾರಿ ಹುಡುಕಿತ್ತು. ನಾನು ಅದನ್ನು ಮುಚ್ಚಿ ಹೂವಿನ ತೋಟ ಕೊಟ್ಟೆ. ಸಿಟ್ಟು ಬಂದವಳಿಗೆ ಸಸಿಗೆ ನೀರು ಹಾಕು ಎಂದರೆ ಹಾಕುತ್ತಾಳೆಯೇ?

ನಿನ್ನೆ ಫಿರದೋಸ್ ಹೇಳಿ ಹೋಗಲು ಬಂದಿದ್ದಳು. "ಉಮಾಕ್ಕ ಫೋನ್ ಮಾಡಿದಾಗೆಲ್ಲಾ ಹೇಳ್ತಾಳ್ರಿ ಅಮ್ಮಾರ, ನನ್ನ ಮಗಳು ಒಂದ ಶುಕ್ರವಾರನೂ ತಪ್ಪಸಂಗಿಲ್ಲ, ಖುಷಿ ಅದಾಳ, ಅದಕ್ಕ ಇಲ್ಲೇ ಇನ್ನೆರಡು ವರ್ಷದ ನೌಕರಿಗೆ ಸಹಿ ಮಾಡತೇನಿ ಅಂತ" ಎಂದಳು. ನೀನು ಸಹಿ ಮಾಡುವುದು ನನ್ನ ಸುಳ್ಳಿನ ಮೇಲೆ. ಬಾ ಎಂದೂ ನಾನು ಹೇಳುವುದಿಲ್ಲ, ಇರು ಎಂದೂ ಹೇಳುವುದಿಲ್ಲ, ಅದು ನೀನೂ ಬಸೂನೂ ಕೂತು ಮಾತಾಡುವ ಮಾತು. ಆದರೆ ಗಂಗಾ ಖುಷಿಯಾಗಿಲ್ಲ. ಇಷ್ಟು ದಿನ ಇದನ್ನು ಮುಚ್ಚಿಟ್ಟದ್ದು ನಿನಗೆ ನೋವಾಗಬಾರದೆಂದು ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಅರ್ಧ ಅಷ್ಟೇ. ನೀನು ಬಂದರೆ ಮೊಮ್ಮಗಳು ನನ್ನ ಪಕ್ಕ ಮಲಗುವುದನ್ನು ಬಿಡುತ್ತಾಳೆ ಎಂಬ ಸ್ವಾರ್ಥದ ಹೆದರಿಕೆಯೂ ಇತ್ತು. ಕ್ಷಮಿಸು ಎನ್ನಲು ನಾಲಿಗೆ ಏಳದ ಅತ್ತೆ ನಾನು. ಬರೆದು ಕೇಳುತ್ತಿದ್ದೇನೆ, ಕ್ಷಮಿಸು.

ಪಕ್ಕದ ಮನೆಯ ಮುದಕವ್ವ ನಿನ್ನನ್ನು ಕೇಳಿದ್ದಾಳೆ. ಸುರೇಬಾನದಿಂದ ನಿನ್ನ ಅವ್ವ ಬಂದು ಎರಡು ದಿನ ಇದ್ದು ಹೋದರು, ಗಟ್ಟಿಮುಟ್ಟಾಗಿದ್ದಾರೆ. ದೇವರು ನಿನ್ನ ಕೈಗೂ ಕಾಲಿಗೂ ಶಕ್ತಿ ಕೊಡಲಿ, ಹೊತ್ತು ಹೊತ್ತಿಗೆ ಉಣ್ಣು.

ನಿನ್ನ ಅತ್ತೆ,
ಅನ್ನಪೂರ್ಣಾ

ತಾ.ಕ.: ಫಿರದೋಸಳ ತಮ್ಮ ಖಾಲಿದ್ ಗಂಟು ಒಯ್ಯಲು ಗಾಡಿ ತಂದು ಬಾಗಿಲಲ್ಲಿ ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಇವತ್ತು ಮುಂಜಾನೆ ಬಸೂಗೆ ಹೇಳಿ ಆ ಗುದ್ದಾಟದ ಆಟ ಹಾಕಿಸಿದ್ದೇನೆ, ನೀನೂ ಹಾಕಿಸಿಕೋ. ಅವ್ವಗೆ ಎಲ್ಲ ಬರೆದಿದ್ದೇನೆ ಎಂದು ಗಂಗಾಗೆ ಹೇಳಿದೆ. ಕಂಟ್ರೋಲರ್ ತೆಗೆದುಕೊಂಡು ಕೂತವಳು ಇನ್ನೂ ಎದ್ದಿಲ್ಲ. ಶುಕ್ರವಾರ ನಾಲ್ಕಕ್ಕೆ ಬಾ. ಅದಾಗುವತನಕ ಯಾವ ಕಾಗದಕ್ಕೂ ಸಹಿ ಮಾಡಬೇಡ. ಬೇಕೆಂದು ಸೋಲಬೇಡ, ಅವಳಿಗೆ ತಿಳಿಯುತ್ತದೆ. ನನಗೆ ಇನ್ನೂ ಗುದ್ದುವ ಗುಂಡಿ ಸಿಕ್ಕಿಲ್ಲ. ಆದ್ದರಿಂದ ಏಟು ಜೋರಾಗಿ ಬಿದ್ದರೆ ತಿಳಿದುಕೋ, ನಿನ್ನ ಮಗಳು ಬಂದಿದ್ದಾಳೆ.