ನಾಳೆ ಮೂವತ್ತೇಳು

ರಾಮಮೂರ್ತಿ ನಗರ
ಮಂಗಳವಾರ

ಭಾವನವರಿಗೆ ಬಾಲಮ್ಮ ಮಾಡುವ ನಮಸ್ಕಾರ.

ಫೋನು ನಿಮ್ಮ ತಮ್ಮನ ಹತ್ತಿರವೇ ಇರುತ್ತದೆ. ಅದಕ್ಕೇ ಪಕ್ಕದ ಮನೆಯ ಇಮಾಮ್ ಬೀ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ.

ಶೇಷ ಉಳಿಯದೆ ಭಾಗವಾಗುವ ನಂಬರು ಕೇಡನ್ನು ಒಳಗೆ ಬಿಡುತ್ತದೆ ಎಂಬ ಹುಚ್ಚು ಇವರಿಗೆ ಇನ್ನೂ ಬಿಟ್ಟಿಲ್ಲ. ಆಟೋದ ನಂಬರು ಹದಿಮೂರರಿಂದ ಭಾಗವಾದ ದಿನ ಅದಕ್ಕೆ ಬೆಂಕಿ ಹಚ್ಚಿದ್ದನ್ನು ನೀವೇ ನೋಡಿದ್ದೀರಿ. ಈಗ ಈ ಮನೆಯ ಕರೆಂಟ್ ಮೀಟರಿನ ನಂಬರು ಹಿಡಿದಿದ್ದಾರೆ: 3874973. ದಿನಾ ಸಂಜೆ ಮಗಳು ಶಾಂಭವಿಯನ್ನು ಕೂರಿಸಿಕೊಂಡು, ಎರಡರಿಂದ ಶುರುಮಾಡಿ ಒಂದೊಂದೇ ಸಂಖ್ಯೆಯಿಂದ ಅದನ್ನು ಭಾಗಿಸುತ್ತಿದ್ದಾರೆ. ಇವತ್ತು ಮೂವತ್ತಾರು ಆಯಿತು, ಶೇಷ ಉಳಿಯಿತು. ಖುಷಿಯಲ್ಲಿ ಅವಳಿಗೆ ಜಿಲೇಬಿ ತಂದುಕೊಟ್ಟರು.

ನಾಳೆ ಮೂವತ್ತೇಳು. ನಾನು ಕದ್ದು ಭಾಗಿಸಿ ನೋಡಿದೆ. ಏನೂ ಉಳಿಯುವುದಿಲ್ಲ.

ಮಂಚದ ಕೆಳಗೆ ಪೆಟ್ರೋಲ್ ಕ್ಯಾನು ಬಂದಿದೆ. ಕೇಳಿದರೆ ಆಟೋಗೆ ಅಂತಾರೆ. ಆಟೋ ಎಲ್ಲಿದೆ?

ಸಂಜೆಗೆ ಮುಂಚೆ ಬನ್ನಿ. ಅತ್ತೆಗೆ ಹುಷಾರಿಲ್ಲ, ನಮ್ಮಿಬ್ಬರನ್ನೂ ನೋಡಬೇಕಂತೆ ಅನ್ನಿ. ನೀವು ಕರೆದರೆ ಮಾತ್ರ ಕಳಿಸುತ್ತಾರೆ. ಬಟ್ಟೆ ಕಟ್ಟಿಟ್ಟಿಲ್ಲ, ಕಂಡರೆ ಕಷ್ಟ.

"ಒಂದು ಉಳೀತು ಅಂತ ಬರೀ ಪುಟ್ಟಿ" ಎಂದು ಶಾಂಭವಿಗೆ ಹೇಳಿಕೊಟ್ಟೆ. ಅವಳು ನಕ್ಕಳು.

"ಅಪ್ಪ ತಾಳೆ ನೋಡ್ತಾರಮ್ಮ."

ನಿಮ್ಮ ದಾರಿ ಕಾಯುತ್ತಿರುವ
ಬಾಲಮ್ಮ